ಬಚ್ಚಿಟ್ಟ ಮಾಲಿ

ನೈರೋಬಿಗೆ ಬಂದ ಕನ್ನಡದವರಿಗೆಲ್ಲ ಒಂದಲ್ಲ ಒಂದು ಸ್ವಾಹಿಲಿ ಪದ ಕೈಕೊಟ್ಟೇ ಕೊಡುತ್ತದೆ. ನಮ್ಮ ಮನೆಗೆ ಕೈಕೊಟ್ಟದ್ದು 'ಮಾಲಿ'. ನಮಗೆ ಮಾಲಿ ಎಂದರೆ ಗಿಡಕ್ಕೆ ನೀರು ಹಾಕುವವನು. ಸ್ವಾಹಿಲಿಯಲ್ಲಿ ಮಾಲಿ ಎಂದರೆ ಆಸ್ತಿ. ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ಸಲೀಸು.

ಆಫೀಸಿನಲ್ಲಿ

ಕೀನ್ಯಾದಲ್ಲಿ ಹೊಸ ಸರ್ಕಾರ ಬಂದ ಹೊಸತು. ನಾನು ಕೆಲಸ ಮಾಡುತ್ತಿದ್ದ ಭ್ರಷ್ಟಾಚಾರ ವಿರೋಧಿ ಸಂಸ್ಥೆಗೆ ಒಂದು ಬೆಳಿಗ್ಗೆ ಸುದ್ದಿ ಬಂತು. ಸಾಗರದಾಚೆಯ ದೊಡ್ಡ ದೇಶವೊಂದರ ಸಂಸತ್ತಿಗೆ ಮಸೂದೆ ಬಂದಿದೆ. ಬೇರೆ ದೇಶಗಳ ನಾಯಕರು ಎಲ್ಲೆಲ್ಲಿ ಏನೇನು ಬಚ್ಚಿಟ್ಟಿದ್ದಾರೆ ಎಂದು ಹುಡುಕಿ, ಹೆಸರು ಸಮೇತ ಬಹಿರಂಗ ಮಾಡಬೇಕಂತೆ. ನಾನಂತೂ ಬೆರಗಾಗಿ ಹೋದೆ. ನಮ್ಮಲ್ಲಿ ಪಕ್ಕದ ಮನೆಯವರ ಸಂಬಳ ಕೇಳಿದರೇ ಜಗಳ; ಇವರು ಅಲ್ಲಿ ಕೂತುಕೊಂಡು ಪರದೇಶದ ಮಂತ್ರಿಯ ಬೀರು ತೆಗೆಸುತ್ತೇವೆ ಅನ್ನುತ್ತಾರಲ್ಲ!

ಆಫೀಸಿಗೆ ಟೀ ಮಾಡುವ ಹೆಂಗಸು ಲೋಟ ಇಡುತ್ತ ಕೇಳಿದಳು, "ಮಂತ್ರಿ ಹೆಂಡತಿಯ ತಮ್ಮನ ಹೆಸರಲ್ಲಿರೋದೂ ಬರುತ್ತಾ?"

"ಬರುತ್ತೆ."

"ಚಿಕ್ಕಪ್ಪನ ಮಕ್ಕಳದ್ದು?"

"ಅದೂ."

"ಹಾಗಾದ್ರೆ ಆ ಪಟ್ಟೀನ ತೆಳು ಕಾಗದದಲ್ಲಿ ಅಚ್ಚು ಹಾಕ್ಸೋಕೆ ಹೇಳಿ. ಇಲ್ಲಾಂದ್ರೆ ಹೊರೋಕಾಗಲ್ಲ."

ಮಟಾಟುವಿನಲ್ಲಿ

ಸಂಜೆ ನ್ಗಾರಾ ಪೇಟೆಯಲ್ಲಿ ಸಾಮಾನು ಕೊಂಡು ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿದರೆ ಅದರ ರೇಡಿಯೋದಲ್ಲೂ ಅದೇ ಸುದ್ದಿ. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಕೈ ಚಾಚಿ, "ಎಲ್ಲರೂ ನಿಮ್ಮ ನಿಮ್ಮ ಮಾಲಿ ಬಹಿರಂಗ ಮಾಡಿ!" ಎಂದು ಟಿಕೆಟ್ ದುಡ್ಡು ಕೇಳಿದ. ಟೈ ಕಟ್ಟಿದ ಮಹಾಶಯರೊಬ್ಬರು ಜೇಬೆಲ್ಲ ತಡಕಿ, "ನನ್ನ ಮಾಲಿ ವಿದೇಶದಲ್ಲಿದೆಯಪ್ಪ" ಎಂದರು.

ಕಂಡಕ್ಟರ್ ಗಾಡಿ ನಿಲ್ಲಿಸಿದ. ಬಾಗಿಲು ತೆರೆದು ಬಲು ವಿನಯದಿಂದ ಹೇಳಿದ: "ಹೋಗಿ ತಗೊಂಡ್ಬನ್ನಿ. ಕಾಯ್ತೀವಿ."

ಊಟದ ಹೊತ್ತಿನಲ್ಲಿ

ಹೈರಿಡ್ಜ್‌ನ ನಮ್ಮ ಬಾಡಿಗೆ ಮನೆಯ ಮಾಲೀಕರು ಒಬ್ಬ ಮಾಜಿ ಮಂತ್ರಿ. ಹಿತ್ತಲ ಹುಲ್ಲು ಅಗೆಯಕೂಡದು, ಹೊರಗಿನ ಆಳನ್ನು ಒಳಗೆ ಬಿಡಕೂಡದು ಎಂಬುದು ಅವರ ಷರತ್ತು. ಮೈಸೂರಿನಿಂದ ಬಂದ ನಮ್ಮ ಅತ್ತೆ ಎರಡನ್ನೂ ಮುರಿದಿದ್ದರು. ನಾವು ಆಫೀಸಿಗೆ ಹೋದ ಮೇಲೆ ಒಬ್ಬ ಮುದುಕನನ್ನು ಕರೆಸಿ, ನೀರಿನ ಟ್ಯಾಂಕಿನ ಹಿಂದೆ ಅವರೆ ಗಿಡ ಹಾಕಿಸಿದ್ದರು. ಇದು ನನಗೆ ಗೊತ್ತಾದದ್ದು ಆಮೇಲೆ. ಮೊಮ್ಮಕ್ಕಳು ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವರು. ಇಡೀ ದಿನ ಅತ್ತೆಗೆ ಮಾತಿಗೆ ಸಿಗುತ್ತಿದ್ದವನು ಆ ಮಾಲಿಯೊಬ್ಬನೇ. ಇವರದ್ದು ಕನ್ನಡ, ಅವನದ್ದು ಸ್ವಾಹಿಲಿ. ಇಬ್ಬರ ನಡುವೆ ಒಂದು ದಿನವೂ ಮನಸ್ತಾಪ ಬಂದದ್ದಿಲ್ಲವಂತೆ.

ಬಚ್ಚಿಟ್ಟ ಮಾಲಿ ಹಿಡಿಯಲು ಕಾನೂನು ಬರುತ್ತಿದೆ ಎಂದು ಸಂಜೆ ಬರುವ ಅಡುಗೆಯವಳು ರೇಡಿಯೋ ಕೇಳಿ ಅತ್ತೆಗೆ ಹರಕು ಇಂಗ್ಲಿಷಿನಲ್ಲಿ ಹೇಳಿಬಿಟ್ಟಿದ್ದಳು. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಅನ್ನ ಕಲಸುವುದನ್ನು ನಿಲ್ಲಿಸಿದರು. "ಮಾಲಿ ಬಚ್ಚಿಟ್ಕೊಂಡಿದ್ರೆ ಏನ್ಮಾಡ್ತಾರಂತೆ?"

ನಾನು ಸುದ್ದಿಯ ಗುಂಗಿನಲ್ಲೇ ಇದ್ದೆ. "ಮಾಲೀನ ಹಿಡಿದು ಅದರ ದೇಶಕ್ಕೆ ವಾಪಸ್ ಕಳಿಸ್ತಾರೆ. ಇಟ್ಕೊಂಡೋರಿಗೆ ಜೈಲು."

"ಅಯ್ಯೋ ಪಾಪ! ವಯಸ್ಸಾಗಿದ್ರೂ ಬಿಡಲ್ವಾ?"

"ಹಳೇದಾದಷ್ಟೂ ಒಳ್ಳೇದೇ ಅತ್ತೆ, ಬಡ್ಡಿ ಸೇರಿರುತ್ತಲ್ಲ!"

ಕಾಫಿ ಹೊತ್ತಿನಲ್ಲಿ

ಶನಿವಾರ ಮಧ್ಯಾಹ್ನ ನಾನು ಆಫೀಸಿನಿಂದ ಬರುವುದೂ ಮಾಜಿ ಮಂತ್ರಿಗಳ ಕಾರು ಗೇಟಿಗೆ ಬರುವುದೂ ಒಂದೇ ಆಯಿತು. ಕಾರು ಕಂಡದ್ದೇ ಅತ್ತೆ ಮುದುಕನನ್ನು ಸ್ಟೋರ್ ರೂಮಿಗೆ ತಳ್ಳಿ ಬಾಗಿಲು ಹಾಕಿದ್ದರು. ನನಗದು ಗೊತ್ತಿಲ್ಲ. ಮಂತ್ರಿಗಳು ಸೋಫಾದ ಅಂಚಿನಲ್ಲಿ ಕೂತು ದನಿ ತಗ್ಗಿಸಿದರು. "ಈ ಮಾಲಿ ಕಾನೂನು ನಿಜವಾಗ್ಲೂ ಬರುತ್ತಾ?"

ಕಾಫಿ ತರುತ್ತಿದ್ದ ಅತ್ತೆಯ ಕಿವಿಗೆ ಬಿದ್ದದ್ದು ಅದೊಂದೇ ಪದ. ತಟ್ಟೆ ಕೆಳಗಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು, ತಮಗೆ ಬರುವ ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಂಡರು. "ಸರ್, ಐ ಆಲ್ಸೋ ಹಿಡನ್ ಮಾಲಿ. ಸ್ಟೋರ್ ರೂಮ್. ಡಾಟರ್-ಇನ್-ಲಾ ನಾಟ್ ನೋ. ಪ್ಲೀಸ್, ಡೋಂಟ್ ಟೇಕ್."

ಮಂತ್ರಿಗಳು ಬೆಚ್ಚಿಬಿದ್ದರು. ನಾನೂ ಅಷ್ಟೇ. ಅತ್ತೆಯ ಹತ್ತಿರ ಆಸ್ತಿ!

"ಎಷ್ಟಿದೆ, ಮಮಾ?"

"ಓನ್ಲಿ ಒನ್, ಸರ್. ಬಟ್ ವೆರಿ ಗುಡ್."

ಅಷ್ಟರಲ್ಲಿ ಸ್ಟೋರಿನೊಳಗೆ ಆಸ್ತಿ ಸೀನಿತು. ಊರಿಂದ ತಂದ ಬ್ಯಾಡಗಿ ಮೆಣಸಿನಪುಡಿಯ ಪಕ್ಕ ಕೂತವನು ಎಷ್ಟೆಂದು ತಡೆದಾನು? ಮುದುಕ ಮೂಗು ಒರೆಸಿಕೊಳ್ಳುತ್ತ ಮಣ್ಣುಗೈಯಲ್ಲೇ ಹೊರಬಂದ. ಅತ್ತೆ ಅವನ ಮುಂದೆ ಅಡ್ಡ ನಿಂತು, "ಇವನನ್ನ ಕಳಿಸಿದ್ರೆ ನಾನೂ ಮೈಸೂರಿಗೆ ಹೊರಟೆ!" ಎಂದು ಕನ್ನಡದಲ್ಲೇ ಗುಡುಗಿದರು. ಅದಕ್ಕೆ ತರ್ಜುಮೆ ಬೇಕಾಗಲಿಲ್ಲ.

ಎರಡು ಭಾಷೆಯ ಮಾಲಿಗಳನ್ನು ನಾನು ಬಿಡಿಸಿ ಹೇಳಿದ ಮೇಲೆ ಮಂತ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಲಿಯೂ ಇರಲಿ, ಅವರೆಯೂ ಇರಲಿ ಎಂದು ಅಪ್ಪಣೆಯಾಯಿತು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಾಲಿಯಿಂದ ಕಲಿತ ಸ್ವಾಹಿಲಿಯಲ್ಲಿ ಎರಡೆರಡು ಸಲ "ಅಸಾಂಟೆ" ಎಂದು ಧನ್ಯವಾದ ಹೇಳಿದರು.

ಗೇಟಿನವರೆಗೆ ಹೋದ ಮಂತ್ರಿಗಳು ಮತ್ತೆ ತಿರುಗಿ ಬಂದರು. ಅಷ್ಟು ದೊಡ್ಡ ಮನುಷ್ಯರ ಮುಖದಲ್ಲಿ ಅಂಥ ಭಕ್ತಿಯನ್ನು ನಾನು ಎಂದೂ ಕಂಡಿರಲಿಲ್ಲ. ಅತ್ತೆಯ ಮುಂದೆ ಟೊಪ್ಪಿ ತೆಗೆದು ಕೇಳಿದರು:

"ಮಮಾ, ಒಂದೇ ಮನೇಲಿರೋ ಸೊಸೆಗೂ ಗೊತ್ತಾಗದ ಹಾಗೆ ಇಷ್ಟು ದಿನ ಹೇಗೆ ಮುಚ್ಚಿಟ್ರಿ? ನನಗೂ ಸ್ವಲ್ಪ ಹೇಳ್ಕೊಡಿ."