ಎರಡನೇ ಗೇರಿಗೆ ಯಾವ ಆಯಿಲ್?

ಬೇರೆಯವರ ಗಾಡಿ ಕೆಟ್ಟರೆ ರಿಪೇರಿಯಾಗುತ್ತದೆ, ನನ್ನದು ಕೆಟ್ಟರೆ ಪ್ರಸಂಗವಾಗುತ್ತದೆ. ಇದು ಇವತ್ತು ನಿನ್ನೆಯ ಕಥೆಯಲ್ಲ. ನಲವತ್ತೈದು ದಾಟಿದ ಮೇಲೆ ಆಸೆಪಟ್ಟು ಹಳೆಯದೊಂದು ಸ್ಪೋರ್ಟ್ಸ್ ಕಾರು ಕೊಂಡೆ. ಎರಡೇ ಸೀಟು, ಕೈಯಲ್ಲೇ ಗೇರ್ ಬದಲಾಯಿಸಬೇಕು. ಅಮೆರಿಕದ ಸುವಾನಿ ಅನ್ನೋ ಊರಿನ ನಮ್ಮ ಬೀದಿಯಲ್ಲಿ ಅಂಥದ್ದು ಇನ್ನೊಂದಿಲ್ಲ. ವಾರ ಕಳೆಯುವಷ್ಟರಲ್ಲಿ ಎರಡನೇ ಗೇರ್ ಹಾಕಿದಾಗಲೆಲ್ಲ ‘ಕರ್ರ್’ ಅನ್ನತೊಡಗಿತು. ಹೆಂಡತಿ ಗಡುವು ಕೊಟ್ಟಳು: "ಈ ತಿಂಗಳೊಳಗೆ ಆ ಸದ್ದು ನಿಲ್ಲಲಿಲ್ಲ ಅಂದ್ರೆ ಗಾಡಿ ಮಾರ್ಬಿಡಿ." ನನಗೆ ಜೀವವೇ ಹೋದ ಹಾಗಾಯಿತು.

೧. ಪಂಡಿತರು

ಗೇರ್ ಆಯಿಲ್ ಬದಲಾಯಿಸಿದರೆ ಸರಿಹೋಗುತ್ತದೆ ಎಂದು ಎಲ್ಲೋ ಓದಿದೆ. ಯಾವ ಆಯಿಲ್ ಒಳ್ಳೆಯದು ಎಂದು ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಹತ್ತು ನಿಮಿಷದಲ್ಲಿ ಇಪ್ಪತ್ತು ಉತ್ತರ, ಇಪ್ಪತ್ತೂ ಬೇರೆ ಬೇರೆ. ಉತ್ತರ ಕೊಟ್ಟವರಲ್ಲಿ ಕೈಗೇರಿನ ಗಾಡಿ ಒಬ್ಬರ ಬಳಿಯೂ ಇಲ್ಲ. ಎಲ್ಲರಿಗಿಂತ ಉದ್ದ ಬರೆದವರದು ಎಲೆಕ್ಟ್ರಿಕ್ ಕಾರು. ಅದಕ್ಕೆ ಬದಲಾಯಿಸಲು ಗೇರೇ ಇಲ್ಲ.

೨. ಎಕ್ಸೆಲ್

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಹದಿನಾಲ್ಕು ಆಯಿಲ್, ಒಂಬತ್ತು ಕಾಲಂ ಹಾಕಿ ಎಕ್ಸೆಲ್ ಮಾಡಿದೆ. ಜಿಎಲ್-ಫೋರ್ ಅಂತ ಒಂದು ಜಾತಿ, ಜಿಎಲ್-ಫೈವ್ ಅಂತ ಇನ್ನೊಂದು. ಐದು ದೊಡ್ಡದಲ್ಲವೇ ಎಂದು ಅದನ್ನೇ ಸುರಿದರೆ ಗೇರಿನೊಳಗಿನ ಹಿತ್ತಾಳೆ ಉಂಗುರಗಳು ಹಾಳಾಗಬಹುದಂತೆ. ಇದನ್ನೋದಿ ಎರಡು ವಾರ ನಿದ್ದೆ ಕೆಟ್ಟಿತು.

ಕೊನೆಗೆ ಹತ್ತಿರದ ಊರು ಅಲ್ಫರೆಟಾದ ಬಿಡಿಭಾಗದ ಅಂಗಡಿಗೆ ಹೋಗಿ, ಕೌಂಟರಿನಲ್ಲಿದ್ದ ಅಮೆರಿಕನ್ ಅಜ್ಜನ ಮುಂದೆ ಪ್ರಿಂಟ್‌ಔಟ್ ಹರಡಿದೆ. ಆತ ಕನ್ನಡಕ ಹಾಕಿಕೊಂಡು ಮೂರು ಹಾಳೆಯನ್ನೂ ಓದಿದ. ಆಮೇಲೆ, "ಗಾಡಿಯ ಜೊತೆ ಬರೋ ಪುಸ್ತಕದಲ್ಲಿ ಯಾವುದು ಅಂತ ಬರೆದಿದೆ?" ಎಂದ.

ಆ ಪುಸ್ತಕ ಕೊಳೆಯಾಗಬಾರದೆಂದು ಪ್ಲಾಸ್ಟಿಕ್ ಕವರ್ ಹಾಕಿ ಬೀರುವಿನಲ್ಲಿಟ್ಟಿದ್ದೆ. ಮನೆಗೆ ಬಂದು ತೆಗೆದು ನೋಡಿದೆ. ಒಂದೇ ಸಾಲಿನಲ್ಲಿ ಬರೆದಿದ್ದರು, ಜಿಎಲ್-ಫೋರ್ ಅಂತ.

೩. ಎರಡು ಪ್ಲಗ್

ಶನಿವಾರ ಗಾಡಿ ಎತ್ತಿ ನಿಲ್ಲಿಸಿ, ಗೇರ್‌ಬಾಕ್ಸಿನ ಕೆಳಗಿನ ಪ್ಲಗ್, ಅಂದರೆ ತಿರುಪಿನ ಬಿರಡೆ, ಬಿಚ್ಚಿದೆ. ಹಳೇ ಆಯಿಲ್ಲೆಲ್ಲ ಟ್ರೇಗೆ ಇಳಿಯಿತು. ಹೊಸದನ್ನು ತುಂಬಬೇಕಾದ್ದು ಪಕ್ಕದ ಪ್ಲಗ್ಗಿನಿಂದ. ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಪಕ್ಕದ ಮನೆಯ ಸಾಹೇಬರನ್ನು ಕರೆದೆ. ಅವರ ತಂದೆ ಮೈಸೂರಲ್ಲಿ ಗ್ಯಾರೇಜ್ ಇಟ್ಟಿದ್ದವರು.

"ಏನ್ ಸರ್, ತುಂಬೋ ಪ್ಲಗ್ ಬಿಚ್ಚುತ್ತೆ ಅಂತ ನೋಡ್ಕೊಂಡಾದ್ಮೇಲೆ ಅಲ್ವಾ ಕೆಳಗಿಂದು ಬಿಚ್ಚೋದು?"

"ಈಗ ಗೊತ್ತಾಯ್ತು ಸರ್."

ಪಾನಾಗೆ ಉದ್ದನೆಯ ಪೈಪು ಸಿಕ್ಕಿಸಿ ಇಬ್ಬರೂ ಜೋತುಬಿದ್ದೆವು. ಮಗಳು ಬಗ್ಗಿ ನೋಡಿ, "ಅಪ್ಪಾ, ಆರ್ ಯು ಸ್ಟಕ್?" ಎಂದಳು.

"ನಾನಲ್ಲ ಪುಟ್ಟಾ, ಪ್ಲಗ್."

"ಸೇಮ್ ಥಿಂಗ್," ಎಂದು ಒಳಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಪ್ಲಗ್ ಬಂತು. ನನ್ನ ಸೊಂಟ ಹೋಯಿತು. "ಆಯಿಲ್ ಆರಿಸೋಕೆ ಮೂರು ವಾರ, ಖಾಲಿ ಮಾಡೋಕೆ ಮೂರು ನಿಮಿಷ!" ಎಂದು ಹೆಂಡತಿ ಅಡುಗೆಮನೆಯಿಂದಲೇ ಆಶೀರ್ವದಿಸಿದಳು.

೪. ಪರೀಕ್ಷೆ

ತಿಂಗಳ ಕೊನೆಯ ಭಾನುವಾರ. ಪುಸ್ತಕ ಹೇಳಿದ ಆಯಿಲ್ಲೇ ತುಂಬಿದ್ದೆ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟು, ದೇವರನ್ನು ನೆನೆದು ಎರಡನೇ ಗೇರ್ ಹಾಕಿದೆ.

ಕರ್ರ್.

ಗಾಡಿ ನಿಲ್ಲಿಸಿ ಸ್ಟೀರಿಂಗಿನ ಮೇಲೆ ತಲೆಯಿಟ್ಟೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಲ್ಲಿ ನೀರೇ ಬಂತು.

"ಇಳೀರಿ," ಎಂದಳು. ಅವಳು ಮೈಸೂರಲ್ಲಿ ಅವಳಪ್ಪನ ಜೀಪ್ ಓಡಿಸಿ ಕಲಿತವಳು. ನನ್ನ ಜಾಗದಲ್ಲಿ ಕೂತು ಕ್ಲಚ್ ಒತ್ತಿದಳು. ಬಗ್ಗಿ ನೋಡಿದಳು. "ಇದೇನ್ರೀ ಇದು?"

"ಮ್ಯಾಟು."

"ಎಷ್ಟು ಮ್ಯಾಟು?"

ಗಾಡಿಯ ಜೊತೆ ಬಂದದ್ದು ಒಂದು. ಅದು ಕೊಳೆಯಾಗದಿರಲೆಂದು ಮೇಲೊಂದು ರಬ್ಬರಿನದು. ರಬ್ಬರ್ ಕೊಳೆಯಾಗದಿರಲೆಂದು ಅದರ ಮೇಲೆ ಹಳೇ ಬೆಡ್‌ಶೀಟು, ನಾಲ್ಕು ಮಡಿಕೆ. ಗಾಡಿ ತಂದ ವಾರವೇ ನಾನೇ ಹಾಸಿದ್ದೆ. ಅವು ಅಡ್ಡ ಬಂದು ಕ್ಲಚ್ ಪೂರ್ತಿ ಒತ್ತಲು ಆಗುತ್ತಿರಲಿಲ್ಲ.

ಮೂರನ್ನೂ ಎಳೆದು ನನ್ನ ಕೈಗೆ ಕೊಟ್ಟಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎರಡನೇ ಗೇರ್ ಬಿತ್ತು. ನನ್ನನ್ನು ಫುಟ್‌ಪಾತಿನಲ್ಲೇ ಬಿಟ್ಟು ಬೀದಿಗೆ ಎರಡು ಸುತ್ತು ಹಾಕಿ ಬಂದಳು. "ಆಯಿಲ್ ಚೆನ್ನಾಗಿ ಆರಿಸಿದೀರಿ ರೀ," ಎಂದಳು.

ಗಾಡಿ ಮಾರುವ ಮಾತನ್ನು ಆಮೇಲೆ ಅವಳು ಎತ್ತಲಿಲ್ಲ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟರೆ ಗಾಡಿಯೂ ಇರಲಿಲ್ಲ, ಅವಳೂ ಇರಲಿಲ್ಲ. ಮೇಜಿನ ಮೇಲೆ ಮಗಳ ಊಟದ ಡಬ್ಬಿ, ಅದರ ಪಕ್ಕದಲ್ಲಿ ದಿನಾ ಮಗಳನ್ನು ಶಾಲೆಗೆ ಬಿಡಲು ಅವಳು ಓಡಿಸುತ್ತಿದ್ದ ಮಿನಿವ್ಯಾನಿನ ಕೀ ಇತ್ತು.