ಗಾಳಿಯೂ ನುಗ್ಗದ ಪೆಟ್ಟಿಗೆ

ನನ್ನ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇರುವುದು ಎರಡು ಬೆಕ್ಕಿಗೆ ಮತ್ತು ಒಂದು ಮೀನಿಗೆ. ಬೆಕ್ಕುಗಳು ಹೆಂಡತಿಯ ಪಕ್ಷ. ಮೀನು ಮಾವನವರದು. ಅತ್ತೆ ತೀರಿಕೊಂಡ ಮೇಲೆ ಅಕ್ವೇರಿಯಂ ಸಮೇತ ನಮ್ಮಲ್ಲಿಗೆ ಬಂದ ಮಾವ, ಆ ಮುದಿ ಕೆಂಪು ಮೀನಿನ ಹತ್ತಿರ ಮಾತ್ರ ಮನಬಿಚ್ಚಿ ಮಾತಾಡುತ್ತಾರೆ. ನನ್ನ ಪಾಲಿಗೆ ಬರುವುದು ಒಂದು "ಹೂಂ". (ಅದೂ ಊಟಕ್ಕೆ ಕರೆದಾಗ.)

ನಾನು ಬಡಗಿ. ಊರೆಲ್ಲ ನನ್ನ ಕೈಕೆಲಸವನ್ನು ಹೊಗಳುತ್ತದೆ. ಮಾವನವರ ಒಂದು ಮಾತಿಗೆ ಮಾತ್ರ ನಾನು ಬಾಯಿ ಬಾಯಿ ಬಿಡುತ್ತಿದ್ದೆ.

ಅವಕಾಶ ಒದಗಿಸಿದ್ದು ಬೆಕ್ಕುಗಳೇ. ಮೀನಿನ ತೊಟ್ಟಿಗೆ ಗಾಳಿ ಊದುವ ಪಂಪು ಏಕೆ ಗುಂಯ್‌ಗುಡುತ್ತದೆಂದು ತಾಯಿ ಬೆಕ್ಕು ಸದಾ ಉನ್ನತ ಮಟ್ಟದ ತನಿಖೆ ನಡೆಸುತ್ತಿತ್ತು. ಮರಿ ಅದರ ಕೊಳವೆ ಕಚ್ಚಿ ಸಾಕ್ಷ್ಯ ಸಂಗ್ರಹಿಸುತ್ತಿತ್ತು.

"ಈ ಬೆಕ್ಕುಗಳನ್ನ ಓಡಿಸೇ," ಎಂದೆ.

"ಬೇಕಾದ್ರೆ ನಿಮ್ಮನ್ನ ಓಡಿಸ್ತೀನಿ," ಎಂದಳು ಇವಳು.

ಸರಿ, ತೇಗದ ಪೆಟ್ಟಿಗೆ ಮಾಡಿದೆ. ಸಂದುಸಂದಿಗೂ ಅಂಟು, ಬಾಗಿಲಿನ ಅಂಚಿಗೆ ರಬ್ಬರು ಪಟ್ಟಿ. ಪಂಪನ್ನು ಒಳಗಿಟ್ಟು, ಕೊಳವೆ ಹೊರಬರುವ ತೂತಿಗೂ ಮೇಣ ಮೆತ್ತಿದೆ.

"ನೋಡಿ ಮಾವ! ಬೆಕ್ಕಿನ ಮಾತು ಬಿಡಿ, ಗಾಳಿ ಕೂಡ ಒಳಗೆ ನುಗ್ಗಲ್ಲ!"

"ಹೂಂ," ಎಂದರು ಮಾವ.

ಸ್ವಲ್ಪ ಹೊತ್ತಿಗೆ ಬೆಕ್ಕುಗಳೆರಡೂ ಪೆಟ್ಟಿಗೆಯ ಮುಂದೆ ಕೂತು ಅರಚತೊಡಗಿದವು. ನನ್ನ ಪಾಲಿಶ್ ಮೇಲೆ ಉಗುರಿನ ಗೀರು! ಪೊರಕೆ ಎತ್ತಿಕೊಂಡೆ.

"ಅವು ಸುಮ್‌ಸುಮ್ನೆ ಕೂಗಲ್ಲ ಕಣ್ರೀ. ಪಂಪಿನ ಸದ್ದು ಯಾಕೋ ಬೇರೆ ಥರ ಇದೆ," ಎಂದಳು ಇವಳು.

"ಅದು ತೇಗದ ಗುಣ. ನಿಂಗೆ ಮರದ ವಿಷಯ ಏನು ಗೊತ್ತು?"

ಅಷ್ಟರಲ್ಲಿ ಮಾವ ತೊಟ್ಟಿಯ ಹತ್ತಿರ ಬಗ್ಗಿ, "ಏನಾಯ್ತೋ ನಿಂಗೆ? ಗುಳ್ಳೆ ಎಲ್ಲಿ?" ಎಂದು ಮೀನನ್ನು ಕೇಳುತ್ತಿದ್ದರು. ನೀರಿನಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಆಗ ನನ್ನ ಮಹಾಮಂಡೆಗೆ ಹೊಳೆಯಿತು: ಗಾಳಿ ಊದುವ ಪಂಪಿಗೂ ಎಲ್ಲಿಂದಾದರೂ ಗಾಳಿ ಬರಬೇಕಲ್ಲ!

ಬಾಗಿಲು ಎಳೆದೆ, ಜಗ್ಗಿದೆ, ಜಪ್ಪಯ್ಯ ಅನ್ನಲಿಲ್ಲ. (ನನ್ನ ಕೆಲಸ ಅಷ್ಟು ಗಟ್ಟಿ.) ಮಾವ ಗಾಜಿಗೆ ಮುಖ ಒತ್ತಿ ಮೀನನ್ನು ಕರೆಯುತ್ತಲೇ ಇದ್ದರು. ಈ ಮೀನೂ ಹೋದರೆ ಆ ಮನುಷ್ಯ ಇನ್ಯಾರ ಹತ್ತಿರ ಮಾತಾಡಬೇಕು ಎಂದು ನನಗೆ ನಿಜವಾಗಿ ಭಯವಾಯಿತು. ಉಳಿ ತಂದು ನನ್ನ ಬಾಗಿಲನ್ನು ನಾನೇ ಒಡೆದೆ.

ಪಂಪು ಉಸಿರೆಳೆದುಕೊಂಡಿತು. ಗುಳ್ಳೆಗಳು ಎದ್ದವು. ನಿಧಾನವಾಗಿ ಮೀನು ಕೆಳಗಿಳಿಯಿತು.

ಈಗ ಕೊಳವೆಗೆ ಮಾತ್ರ ಮರದ ಹೊದಿಕೆ ಇದೆ. ಬಾಗಿಲಿಲ್ಲದ ಪೆಟ್ಟಿಗೆಯಲ್ಲಿ ಪಂಪಿನ ಪಕ್ಕ ತಾಯಿ ಮರಿ ಎರಡೂ ಬೆಚ್ಚಗೆ ಮಲಗುತ್ತವೆ. ಅವಕ್ಕೆ ಬೇಕಿದ್ದದ್ದು ಇಷ್ಟೇ ಇರಬೇಕು.

ಒಂದು ದಿನ ಅದನ್ನು ನೋಡುತ್ತಾ ಕೂತಿದ್ದ ಮಾವ ಮೊದಲ ಸಲ ನನ್ನ ಕಡೆ ತಿರುಗಿದರು.

"ಅಳಿಯಂದಿರೇ, ಮುಂದಿನ ಸಲ ಪೆಟ್ಟಿಗೆ ಮಾಡೋ ಮುಂಚೆ ಬೆಕ್ಕನ್ನ ಒಂದು ಮಾತು ಕೇಳಿ."

ಹೊಗಳಿಕೆ ಅಲ್ಲ, ಗೊತ್ತು. ಆದರೂ ಎಷ್ಟೊಂದು ಮಾತು!

"ಹೂಂ," ಎಂದೆ.