ಕಥೆಯೊಳಗಿನ ಗಂಡ, ರಾಮದುರ್ಗದ ವರ

ಬೈಲಹೊಂಗಲದ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ಕಥೆ ಓದಿಸಿ, "ಈ ಇಬ್ಬರ ಸಂಬಂಧ ನೆಟ್ಟಗೈತೇನು?" ಎಂದು ಕೇಳುವ ಚಟ ನನಗೆ ಯಾವಾಗ ಹತ್ತಿತೋ, ಅಂದಿನಿಂದ ಒಂದು ಪೀರಿಯಡ್ಡೂ ಸಮಾಧಾನದಿಂದ ಮುಗಿದಿಲ್ಲ. ಏನಾದರೊಂದು ಆಗುತ್ತಲೇ ಇರುತ್ತದೆ. ಗಂಟೆ ಹೊಡೆದ ಮೇಲೂ ತಲೆಯೊಳಗೆ ಅದೇ ಕೊರೆಯುತ್ತಿರುತ್ತದೆ. ಮುರಗೋಡದ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಮನೆ ಮುಟ್ಟುತ್ತೇನೆ.

ಮೂರು ವರ್ಷ ನಿಂತವನು

ಮೊದಲು ಓದಿಸಿದ ಕಥೆಯಲ್ಲಿ ನಾಯಕ ಒಬ್ಬ ಹುಡುಗಿಯ ಮನೆಯ ಎದುರು ಮೂರು ವರ್ಷ ನಿಲ್ಲುತ್ತಾನೆ. ಆಕೆ ಬೇಡವೆಂದರೂ ಬೆನ್ನು ಬಿಡುವುದಿಲ್ಲ.

"ಇದಕ್ಕ ಏನಂತೀರಿ?" ಎಂದೆ.

ಹಿಂದಿನ ಬೆಂಚಿನವರು ಒಂದೇ ದನಿಯಲ್ಲಿ, "ಖರೇ ಪ್ರೀತಿ ಸರ್!" ಎಂದರು.

ಹೂಲಿಯಿಂದ ಬರುವ ಹುಡುಗಿಯೊಬ್ಬಳು ಎದ್ದಳು. "ಸರ್, ನಮ್ಮೂರ ಬಸ್ ಸ್ಟ್ಯಾಂಡಿನ್ಯಾಗೂ ಒಬ್ಬಾಂವ ನನ್ನ ಸಲುವಾಗಿ ಹಿಂಗ ದಿನಾ ನಿಂತಿರ್ತಿದ್ದರಿ."

ಹಿಂದಿನ ಬೆಂಚು ಸೀಟಿ ಹೊಡೆಯಿತು. "ಅಂವನ ಮ್ಯಾಲೂ ಒಂದ್ ಕಥಿ ಬರೀಬೇಕ್ರಿ ಸರ್!"

"ನಮ್ಮವ್ವ ಬರದಾಳ್ರಿ," ಎಂದಳು ಹುಡುಗಿ. "ಪೊಲೀಸ್ ಸ್ಟೇಶನ್ನಿನ್ಯಾಗ ಕೊಟ್ಟಾಳ."

ಒಂದು ಅಂಕದ ಪ್ರಶ್ನೆ

ಮುಂದಿನ ಕಥೆಯಲ್ಲಿ ಒಬ್ಬ ಗಂಡ. ಹೆಂಡತಿಗೆ ಬಂದ ಪತ್ರಗಳನ್ನು ತಾನೇ ಒಡೆದು ಓದುತ್ತಾನೆ, ಆಕೆ ತವರಿಗೆ ಹೊರಟರೆ ಹತ್ತು ಪ್ರಶ್ನೆ ಕೇಳುತ್ತಾನೆ. ಎಲ್ಲಾ ಕಾಳಜಿಗೆ ಎನ್ನುತ್ತಾನೆ. ಎರಡು ವಾರ ಗಂಟಲು ಹರಿದುಕೊಂಡು ಪಾಠ ಮಾಡಿದೆ. ಕಿರುಪರೀಕ್ಷೆಯಲ್ಲಿ ಕೇಳಿದೆ: "ಗಂಡನು ಹೆಂಡತಿಯ ಪತ್ರಗಳನ್ನು ಒಡೆದು ಓದುತ್ತಾನೆ. ಇದು ಏನನ್ನು ಸೂಚಿಸುತ್ತದೆ?"

ಒಬ್ಬ ಬರೆದಿದ್ದ: "ಆತನಿಗೆ ಓದಲು ಬರುತ್ತದೆ ಎಂಬುದನ್ನು ಸೂಚಿಸುತ್ತದೆ."

ಪೆನ್ನು ಹಿಡಿದು ಬಹಳ ಹೊತ್ತು ಚಡಪಡಿಸಿದೆ. ತಪ್ಪು ಎಂದು ಹಾಕಲು ಕಾರಣ ಸಿಗಲಿಲ್ಲ. ಅಂಕ ಕೊಟ್ಟೆ.

ಮೂರನೇ ಪುಟ

ಆ ಉತ್ತರಪತ್ರಿಕೆಗಳ ಜೊತೆ ಕಥೆಯ ಪುಸ್ತಕವೂ ಮನೆಗೆ ಬಂತು. ನಾನು ಅಂಕ ಕೂಡಿಸುತ್ತಿದ್ದಾಗ ಹೆಂಡತಿ ಅದನ್ನು ಓದಿ ಮುಗಿಸಿ, ಸವದತ್ತಿಯ ತನ್ನ ತವರಿಗೆ ಹೊರಟು ನಿಂತಳು.

"ಯಾರ ಜೋಡಿ ಹೊಂಟಿ? ಎಷ್ಟೊತ್ತಿಗೆ ಬರ್ತಿ? ಮುಟ್ಟಿದ ಕೂಡಲೆ ಫೋನ್ ಮಾಡ್ತಿಯಿಲ್ಲೊ?" ಎಂದೆ.

ಆಕೆ ನನ್ನನ್ನೂ ಪುಸ್ತಕವನ್ನೂ ನೋಡಿದಳು.

"ಹಂಗ್ಯಾಕ ನೋಡ್ತಿ? ನಾ ಕಾಳಜಿಗೆ ಕೇಳಿದೆ."

"ಅಂವನೂ ಹಂಗ ಅಂತಾನ್ರಿ," ಎಂದು ಚಪ್ಪಲಿ ಮೆಟ್ಟಿಕೊಂಡಳು. "ಮೂರನೇ ಪುಟದಾಗ."

ಸಂಗೊಳ್ಳಿಯ ಹುಡುಗಿ

ಆದರೆ ನನ್ನ ನೆಮ್ಮದಿಯನ್ನು ಪೂರ್ತಿ ಕಿತ್ತುಕೊಂಡವಳು ಸಂಗೊಳ್ಳಿಯ ಹುಡುಗಿ. ಕೊನೆಯ ವರ್ಷದವಳು, ಮಾತು ಕಡಿಮೆ. ರಾಮದುರ್ಗದ ಹುಡುಗನೊಂದಿಗೆ ನಿಶ್ಚಯವಾಗಿತ್ತು. ಪ್ರತಿ ಪೀರಿಯಡ್ಡಿನಲ್ಲೂ ಆಕೆಯ ಫೋನು ಬೆಂಚಿನ ಮೇಲೆ ಗುರ್ರೆನ್ನುತ್ತಿತ್ತು.

"ಯಾರವಾ ಅದು?" ಎಂದು ಒಂದು ದಿನ ಕೇಳಿದೆ.

"ಅವರ್ರಿ ಸರ್. ಎಲ್ಲಿ ಅದಿ ಅಂತಾರ. ಕ್ಲಾಸಿನ್ಯಾಗ ಅಂದ್ರ ನಂಬೂದಿಲ್ರಿ, ಬೋರ್ಡಿನ ಫೋಟೊ ಕಳಸು ಅಂತಾರ."

ತಿಂಗಳಿಂದ ನನ್ನ ಕೆಟ್ಟ ಅಕ್ಷರ ದಿನಾ ರಾಮದುರ್ಗಕ್ಕೆ ಹೋಗುತ್ತಿತ್ತೆಂದು ಆಗ ಗೊತ್ತಾಯಿತು.

ಮರುದಿನ ಸ್ಟಾಫ್ ರೂಮಿನ ಹೊರಗೆ ಕಾದಿದ್ದಳು. ಕಣ್ಣು ತುಂಬಿದ್ದವು. "ಸರ್, ಆ ಪತ್ರದ ಕಥಿಯೊಳಗಿನ ಹೆಣ್ಮಗಳು ನಾನ ಅನಸ್ತೈತ್ರಿ. ಅಪ್ಪಗ ಹೇಳಿದ್ರ, ಹುಡುಗಗ ನಿನ್ನ ಮ್ಯಾಲ ಭಾಳ ಕಾಳಜಿ ಐತಿ ಅಂತಾನ. ನೀವೊಮ್ಮೆ ಬಂದು ಹೇಳ್ರಿ."

ಇನ್ನೊಬ್ಬರ ಮನೆಯ ಮದುವೆಯಲ್ಲಿ ನಾನು ಮೂಗು ತೂರಿಸುವುದೇ? ಹೋಗದಿದ್ದರೆ ಇಷ್ಟು ವರ್ಷ ಕಲಿಸಿದ್ದೇನು? ಎರಡು ದಿನ ಕುಂತಲ್ಲಿ ಕುಂತಿರಲಾಗಲಿಲ್ಲ. ಭಾನುವಾರ ಸಂಗೊಳ್ಳಿಗೆ ಹೋದೆ.

ಅಪ್ಪ ಒಳ್ಳೆಯ ಮನುಷ್ಯ. ಚಹಾ ಕೊಟ್ಟು, "ಹೇಳ್ರಿ ಮಾಸ್ತರ್ರ," ಎಂದ. ನೇರ ಹೇಳಲು ಬಾಯಿ ಬರಲಿಲ್ಲ. ಚೀಲದಿಂದ ಪುಸ್ತಕ ತೆಗೆದು ಆ ಕಥೆಯನ್ನೇ ಓದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಆತ ಹೆಗಲ ಮೇಲಿನ ಟವೆಲ್ ಕಿತ್ತು ನೆಲಕ್ಕೆ ಒಗೆದ.

"ಎಂಥಾ ಮನಶ್ಯಾರೀ ಇಂವ! ಹೆಣ್ಣು ಕೊಟ್ಟಾವ್ರಿಗೆ ಕಣ್ಣ ಇದ್ದಿಲ್ಲೇನು? ಯಾವೂರಾಂವ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಮೆಲ್ಲಗೆ ಹೇಳಿದಳು: "ಅಂವಗ ಊರಿಲ್ಲಪಾ, ಕಥಿಯೊಳಗಿನಾಂವ. ನಮ್ಮಾಂವ ರಾಮದುರ್ಗದಾಂವ."

ಆತ ಮಗಳ ಕಡೆ ತಿರುಗಿದ. ಮಗಳು ತಾನೇ ಫೋನು ಮುಂದೆ ಹಿಡಿದಳು. ಎಲ್ಲಿ ಅದಿ, ಯಾರ ಜೋಡಿ ಅದಿ, ಫೋಟೊ ಕಳಸು. ಒಂದೊಂದೇ ಓದುತ್ತ ಆತನ ಮುಖ ಸಣ್ಣದಾಯಿತು.

"ಇಷ್ಟ ದಿನಾ ಹೇಳಿದಿ, ನಾನ ಕೇಳಲಿಲ್ಲವಾ," ಎಂದ. ಟವೆಲ್ ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡು, "ಇರ್ಲಿ. ನಾವೂ ಅಳಿಯಂದ್ರ ಕಾಳಜಿ ಮಾಡೂಣು," ಎಂದ.

ಆ ಕಾಳಜಿ ಎಂಥದೆಂದು ಗುರುವಾರ ತಿಳಿಯಿತು. ಕಾಲೇಜಿನ ವರಾಂಡದಲ್ಲಿ ಆ ಹುಡುಗಿ ನಗುತ್ತ ಹೇಳಿದಳು. ನಾನು ಅವಳ ನಗು ಕಂಡದ್ದು ಅದೇ ಮೊದಲು. ಸೋಮವಾರ ಮುಂಜಾನೆಯಿಂದ ಅಪ್ಪ ತಾಸಿಗೊಮ್ಮೆ ವರನಿಗೆ ಫೋನು ಹಚ್ಚಿದ್ದನಂತೆ. "ಅಳಿಯಂದ್ರ, ಎಲ್ಲಿ ಅದೀರಿ? ಊಟಕ್ಕ ಕುಂತೀರೇನು? ತಾಟಿನ ಫೋಟೊ ಕಳಸ್ರಿ. ಬಾಜೂಕ ಕುಂತಾವ್ರು ಯಾರು? ಅವರ ಕೈಯಾಗ ಫೋನ್ ಕೊಡ್ರಿ."

ಮೂರನೆಯ ದಿನ ವರನ ಕಾಕಾ ಫೋನು ಮಾಡಿ, ಸಂಬಂಧ ಬ್ಯಾಡ ಎಂದುಬಿಟ್ಟನಂತೆ.

"ಯಾಕ್ರಿ, ಏನಾತು?" ಎಂದು ಅಪ್ಪ ಏನೂ ಅರಿಯದವರ ಹಾಗೆ ಕೇಳಿದ್ದಾನೆ.

"ಹುಡುಗ ಒಲ್ಲೆ ಅಂತಾನ್ರಿ," ಎಂದನಂತೆ ಕಾಕಾ. "ಹಿಂಗ ಸಂಶಯ ಪಡೋ ಮಂದಿ ಜೋಡಿ ಬಾಳೇ ಮಾಡೂದು ಹೆಂಗ ಅಂತಾನ."